ನಾನು ಮನುಷ್ಯ: ದಪ್ಪಕ್ಷರದ ಒಂದು ಚರಿತ್ರೆ

'ಮಾರ್ಟಿನ್' ಅಂತ ಒಂದು ಇಂಗ್ಲಿಷ್ ಫಾಂಟ್ ಇದೆ. ಕಂಪ್ಯೂಟರಿಗೆ ಹಾಕಿಕೊಂಡು ಒಂದು ಸಾಲು ಟೈಪ್ ಮಾಡಿದರೆ ಸಾಕು, ಐವತ್ತು ಅರವತ್ತು ವರ್ಷದ ಹಿಂದೆ ಯಾವುದೋ ಸಣ್ಣ ಪ್ರೆಸ್ಸಿನಲ್ಲಿ ಅವಸರದಿಂದ ಅಚ್ಚು ಹಾಕಿದ ಪೋಸ್ಟರಿನ ಹಾಗೆ ಕಾಣುತ್ತದೆ. ಅಕ್ಷರಗಳು ದಪ್ಪ, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಮೂಲೆಗಳಲ್ಲಿ ಯಂತ್ರದ ನಯ ಇಲ್ಲ, ಯಾರದೋ ಕೈ ಆಡಿದ ಗುರುತಿದೆ. ಇಂಥ ಫಾಂಟುಗಳು ಈಗ ಸಾವಿರಾರು ಸಿಗುತ್ತವೆ. ಕಾಫಿ ಅಂಗಡಿಯ ಬೋರ್ಡು, ಬರ್ಗರ್ ಡಬ್ಬಿ, ಟೀ ಶರ್ಟು, ಮದುವೆ ಕಾರ್ಡು, ಎಲ್ಲಿ ನೋಡಿದರೂ ಇದೇ 'ಹಳೇ ಕಾಲದ' ದಪ್ಪಕ್ಷರ. ಆದರೆ ಮಾರ್ಟಿನ್ ಎಂಬ ಈ ಫಾಂಟಿನ ಮೂಲ ಅಂಗಡಿ ಬೋರ್ಡಿನಲ್ಲಿಲ್ಲ. 1968ರಲ್ಲಿ ಅಮೆರಿಕದ ಮೆಂಫಿಸ್ ನಗರದ ಕಸ ಎತ್ತುವ ಕಪ್ಪು ಕಾರ್ಮಿಕರು ಎದೆಯ ಮುಂದೆ ಹಿಡಿದು ನಿಂತ ಫಲಕದಲ್ಲಿದೆ. ಅದಕ್ಕಾಗಿಯೇ ಅದರ ಹೆಸರೂ ಮಾರ್ಟಿನ್ ಲೂಥರ್ ಕಿಂಗ್ ಅವರದು.

ಈ ಫಲಕದವರೆಗೆ ಬರಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ದಪ್ಪಕ್ಷರ ಹುಟ್ಟಿದ್ದು ಹೋರಾಟಕ್ಕಲ್ಲ, ವ್ಯಾಪಾರಕ್ಕೆ.

ಹತ್ತೊಂಬತ್ತನೇ ಶತಮಾನ ಶುರುವಾಗುವ ತನಕ ಯುರೋಪಿನಲ್ಲಿ ಅಚ್ಚಿನ ಮೊಳೆ ಅಂದರೆ ಬಹುಪಾಲು ಪುಸ್ತಕದ ಮೊಳೆಯೇ. ಕೈಯಲ್ಲಿ ಹಿಡಿದು ಓದುವವನಿಗಾಗಿ ಮಾಡಿದ್ದು, ತೆಳು, ಸೌಮ್ಯ. ಆಮೇಲೆ ಲಂಡನ್ನಿನಲ್ಲಿ ಕಾರ್ಖಾನೆ ಮಾಲು ಬಂತು, ಲಾಟರಿ ಬಂತು, ನಾಟಕ ಬಂತು. ರಸ್ತೆಯಲ್ಲಿ ನಡೆದು ಹೋಗುವವನನ್ನು ನಿಲ್ಲಿಸಬೇಕಲ್ಲ, ಅದಕ್ಕೆ ರಾಬರ್ಟ್ ಥಾರ್ನ್ ಎಂಬ ಮೊಳೆ ತಯಾರಕ ಪುಸ್ತಕದ ಅಕ್ಷರವನ್ನೇ ಊದಿಸಿ ಗೋಡೆಯ ಅಕ್ಷರ ಮಾಡಿದ. 'ಫ್ಯಾಟ್ ಫೇಸ್' ಎಂದೇ ಅದಕ್ಕೆ ಹೆಸರು ಬಿತ್ತು. 1815ರ ಹೊತ್ತಿಗೆ ವಿನ್ಸೆಂಟ್ ಫಿಗಿನ್ಸ್ ಅಕ್ಷರದ ಕಾಲಿಗೆ ಚಪ್ಪಡಿ ಕಲ್ಲಿನಂಥ ಪಟ್ಟಿ ಹಾಕಿದ. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿನಲ್ಲಿ ಎಲ್ಲದಕ್ಕೂ ಈಜಿಪ್ಟಿನ ಹುಚ್ಚು ಹಿಡಿದಿದ್ದ ಕಾಲ ಅದು. ಆ ಅಕ್ಷರಕ್ಕೂ 'ಈಜಿಪ್ಶಿಯನ್' ಎಂಬ ಹೆಸರು ಅಂಟಿತು. ಈಜಿಪ್ಟಿನ ಬರವಣಿಗೆಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಬಿಡಿ.

ದೊಡ್ಡ ಅಕ್ಷರಕ್ಕೆ ಒಂದು ತೊಡಕಿತ್ತು. ಸೀಸದ ಮೊಳೆ ಒಂದು ಅಂಗುಲ ಮೀರಿ ಬೆಳೆದರೆ ತೂಕ ಹೆಚ್ಚು, ಬೆಲೆ ಹೆಚ್ಚು. ಎರಕ ಆರುವಾಗ ಮೇಲ್ಮೈ ಒಂದೇ ಮಟ್ಟಕ್ಕೆ ನಿಲ್ಲುವುದೂ ಇಲ್ಲ. ಇದಕ್ಕೆ ದಾರಿ ಕಂಡುಕೊಂಡವನು ನ್ಯೂಯಾರ್ಕಿನ ಡೇರಿಯಸ್ ವೆಲ್ಸ್. 1827ರಲ್ಲಿ ಅವನು ಮರದ ಮೇಲೆ ಅಕ್ಷರದ ಸುತ್ತಲ ಭಾಗವನ್ನು ವೇಗವಾಗಿ ಕೆತ್ತಿ ತೆಗೆಯುವ ಯಂತ್ರ ಮಾಡಿದ. ಮರುವರ್ಷವೇ ಮರದ ಮೊಳೆಗಳ ಮಾದರಿ ಪುಸ್ತಕ ಹೊರತಂದ. 1834ರಲ್ಲಿ ವಿಲಿಯಂ ಲೀವನ್‌ವರ್ತ್ ಇದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಅಕ್ಷರದ ಅಚ್ಚು ಇದ್ದರೆ ಅದರ ಗೆರೆಯ ಮೇಲೆ ಸೂಜಿ ಓಡಿಸುತ್ತಾ ಎಷ್ಟು ಅಳತೆಗೆ ಬೇಕಾದರೂ, ಎಷ್ಟು ಪ್ರತಿ ಬೇಕಾದರೂ ಕೆತ್ತಬಹುದಾಯಿತು. ಬಳಸುತ್ತಿದ್ದದ್ದು ಹೆಚ್ಚಾಗಿ ಮೇಪಲ್ ಮರ. ಕಾಂಡವನ್ನು ಅಡ್ಡಕ್ಕೆ ಕೊಯ್ದಾಗ ಸಿಗುವ ಮೈಮೇಲೆ ಕೆತ್ತುತ್ತಿದ್ದರು, ಅದು ಗಟ್ಟಿ, ಪ್ರೆಸ್ಸಿನ ಒತ್ತಡ ತಡೆಯುತ್ತದೆ. 1880ರಲ್ಲಿ ವಿಸ್ಕಾನ್ಸಿನ್‌ನ ಟೂ ರಿವರ್ಸ್ ಎಂಬ ಊರಲ್ಲಿ ಜೆ. ಇ. ಹ್ಯಾಮಿಲ್ಟನ್ ಶುರು ಮಾಡಿದ ಕಂಪನಿ ಕೊನೆಗೆ ಉಳಿದವರನ್ನೆಲ್ಲ ನುಂಗಿ ಈ ಉದ್ಯಮದ ದೊರೆಯಾಯಿತು. ಹಳ್ಳಿಯ ಪ್ರೆಸ್ಸಿಗೂ ಅಂಚೆಯಲ್ಲಿ ಅಕ್ಷರಪೆಟ್ಟಿಗೆ ತರಿಸಿಕೊಳ್ಳುವುದು ಸಾಧ್ಯವಾಯಿತು.

ಇಂದು ನಾವು ಯಾವುದನ್ನು 'ವಿಂಟೇಜ್' ಅಂತ ಮೆಚ್ಚಿಕೊಳ್ಳುತ್ತೇವೋ ಅದರ ಬಹುಪಾಲು ಈ ಮರದ ಮೊಳೆಯ ಸವಕಲು. ಹತ್ತಾರು ವರ್ಷ ಒತ್ತಿಸಿಕೊಂಡ ಮರದ ಮೂಲೆ ಸವೆದಿರುತ್ತದೆ, ನಡುವೆ ತಗ್ಗು ಬಿದ್ದಿರುತ್ತದೆ, ಅಲ್ಲಿ ಶಾಯಿ ಹಿಡಿಯುವುದಿಲ್ಲ. ಪೆಟ್ಟಿಗೆಯಲ್ಲಿ ಒಂದು ಅಕ್ಷರ ಕಳೆದುಹೋಗಿದ್ದರೆ ಬೇರೆ ಪೆಟ್ಟಿಗೆಯದ್ದು ತಂದು ಕೂರಿಸುತ್ತಾರೆ. ಹಣ ಇದ್ದ ಪ್ರೆಸ್ಸಿನವನು ಹೊಸ ಮೊಳೆ ಕೊಳ್ಳುತ್ತಿದ್ದ. ಸವೆದದ್ದನ್ನೇ ಒತ್ತುತ್ತಿದ್ದವನು ಬಡವ. ಈಗ ಡಿಸೈನರುಗಳು ಕಂಪ್ಯೂಟರಿನಲ್ಲಿ ಆ ಬಡತನವನ್ನು ಒಂದು ಬಟನ್ ಒತ್ತಿ ಸೇರಿಸುತ್ತಾರೆ.

ಅಮೆರಿಕದಲ್ಲಿ ಈ ದಪ್ಪಕ್ಷರ ಯಾವ ಮಾಲು ಮಾರಲಿಕ್ಕೆ ದುಡಿಯಿತು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಔಷಧಿ, ಸರ್ಕಸ್ಸು, ಕುದುರೆಯ ಜೊತೆಗೆ ಮನುಷ್ಯರನ್ನೂ ಅದು ಮಾರಿತು. ಗುಲಾಮರ ಹರಾಜಿನ ಪೋಸ್ಟರುಗಳು, ಓಡಿಹೋದವರನ್ನು ಹಿಡಿದುಕೊಟ್ಟರೆ ಇಷ್ಟು ಡಾಲರ್ ಬಹುಮಾನ ಎನ್ನುವ ಕರಪತ್ರಗಳು. ಅವುಗಳಲ್ಲಿ ಎಲ್ಲಕ್ಕಿಂತ ದಪ್ಪಗೆ ಅಚ್ಚಾಗುತ್ತಿದ್ದದ್ದು ಬಹುಮಾನದ ಮೊತ್ತ. ಪಕ್ಕದಲ್ಲಿ ಕೋಲಿಗೆ ಗಂಟು ಕಟ್ಟಿ ಹೆಗಲಿಗೇರಿಸಿ ಓಡುತ್ತಿರುವ ಒಬ್ಬ ಮನುಷ್ಯನ ಪುಟ್ಟ ಚಿತ್ರ. ಆ ಚಿತ್ರ ಯಾವ ವ್ಯಕ್ತಿಯದೂ ಅಲ್ಲ. ಮೊಳೆ ಕಂಪನಿಗಳು ಹಡಗಿನ ಚಿತ್ರ, ಕುದುರೆಯ ಚಿತ್ರ ಮಾರಿದ ಹಾಗೆಯೇ ಅದನ್ನೂ ಕ್ಯಾಟಲಾಗಿನಲ್ಲಿಟ್ಟು ಮಾರುತ್ತಿದ್ದವು. 1837ರಲ್ಲಿ ನ್ಯೂಯಾರ್ಕಿನ 'ಆಂಟಿ-ಸ್ಲೇವರಿ ರೆಕಾರ್ಡ್' ಪತ್ರಿಕೆ ಇದೇ ಚಿತ್ರವನ್ನು ತನ್ನ ಪುಟದಲ್ಲಿ ಅಚ್ಚು ಹಾಕಿ, ನೋಡಿ, ಇದು ದಕ್ಷಿಣದ ಮಾರುಕಟ್ಟೆಗಾಗಿ ನಮ್ಮೂರಿನಲ್ಲೇ ತಯಾರಾಗುವ ಮಾಲು ಎಂದು ಓದುಗರಿಗೆ ತೋರಿಸಿಕೊಟ್ಟಿತು. ಗುಲಾಮಗಿರಿ ದಕ್ಷಿಣದವರ ಪಾಪ ಎಂದು ಕೈ ತೊಳೆದುಕೊಂಡಿದ್ದ ಉತ್ತರದವರಿಗೆ ಇದಕ್ಕಿಂತ ನೇರವಾದ ಮಾತು ಬೇಕಿರಲಿಲ್ಲ.

ಹೀಗೆ ಓಡಿಹೋದವರಲ್ಲಿ ನಮ್ಮ ಓದುಗರು ತಿಳಿದಿರಲೇಬೇಕಾದ ಒಬ್ಬರಿದ್ದಾರೆ: ಉಮರ್ ಇಬ್ನ್ ಸಯೀದ್. ಇಂದಿನ ಸೆನೆಗಲ್‌ನ ಫೂತಾ ತೋರೋ ಪ್ರದೇಶದವರು, ವರ್ಷಗಟ್ಟಲೆ ಮದ್ರಸಾದಲ್ಲಿ ಓದಿದ ವಿದ್ವಾಂಸರು. 1807ರಲ್ಲಿ ಅವರನ್ನು ಹಿಡಿದು ದಕ್ಷಿಣ ಕೆರೊಲಿನಾದ ಚಾರ್ಲ್ಸ್ಟನ್ ಬಂದರಿನಲ್ಲಿ ಮಾರಿದರು. ಕ್ರೂರಿಯಾದ ಯಜಮಾನನಿಂದ ತಪ್ಪಿಸಿಕೊಂಡು ಓಡಿದರು. 1810ರಲ್ಲಿ ಉತ್ತರ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಅಲ್ಲಿ ಇದ್ದಿಲ ಚೂರು ಹಿಡಿದು ಗೋಡೆಯ ತುಂಬ ಅರಬಿಯಲ್ಲಿ ಬರೆದರು. ಅಲ್ಲಿಯವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಈತ ಬರೆಯಬಲ್ಲ ಎನ್ನುವುದು ಅರ್ಥವಾಯಿತು, ಊರವರು ನೋಡಲು ಬಂದರು. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಅಪರಾಧ ಮಾಡುತ್ತಿದ್ದ ನಾಡು ಅದು. 1831ರಲ್ಲಿ ಅವರು ಅರಬಿಯಲ್ಲೇ ಆತ್ಮಕಥೆ ಬರೆದರು. ಅದು ಶುರುವಾಗುವುದು ಸೂರಃ ಅಲ್ ಮುಲ್ಕ್‌ನಿಂದ. ಮುಲ್ಕ್ ಅಂದರೆ ಒಡೆತನ, ಆಧಿಪತ್ಯ. ಅದು ಅಲ್ಲಾಹನದು ಎಂದು ಸಾರುವ ಅಧ್ಯಾಯ. ತನ್ನನ್ನು ಕೊಂಡುಕೊಂಡವರ ಮನೆಯಲ್ಲಿ ಕೂತು ಒಬ್ಬ ಗುಲಾಮ ಆ ಸೂರಃವನ್ನೇ ಆರಿಸಿದ್ದು ಸುಮ್ಮನೆ ಅಲ್ಲ ಎಂದು ಅದನ್ನು ಓದಿದ ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತದೆ. ಆ ಹಸ್ತಪ್ರತಿ 2017ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಜೈಲಿನ ಗೋಡೆಯ ಇದ್ದಿಲಕ್ಷರ ಉಳಿಯಲಿಲ್ಲ. ಉಮರ್ ಅವರು ಗುಲಾಮರಾಗಿಯೇ ತೀರಿಕೊಂಡರು.

ಮಾರುವವರ ದಪ್ಪಕ್ಷರವನ್ನು ಮಾರಾಟಕ್ಕೊಳಗಾದವರ ಪರವಾಗಿ ತಿರುಗಿಸಿದ್ದಕ್ಕೆ ಹೆಸರಾದ ಉದಾಹರಣೆ ಬಾಸ್ಟನ್‌ನ 1851ರ ಪೋಸ್ಟರು. ಹಿಂದಿನ ವರ್ಷ ಬಂದ ಕಾನೂನಿನ ಪ್ರಕಾರ, ಓಡಿಬಂದ ಗುಲಾಮರನ್ನು ಉತ್ತರದ ರಾಜ್ಯಗಳೂ ಹಿಡಿದು ವಾಪಸು ಕಳಿಸಬೇಕಿತ್ತು. ಏಪ್ರಿಲ್‌ನಲ್ಲಿ ಥಾಮಸ್ ಸಿಮ್ಸ್ ಎಂಬ ಯುವಕನನ್ನು ಬಾಸ್ಟನ್‌ನಿಂದ ಹಾಗೆ ಕಳಿಸಿಯೂ ಬಿಟ್ಟರು. ಆ ತಿಂಗಳು 24ರ ತಾರೀಕು ಹಾಕಿದ ಒಂದು ಪೋಸ್ಟರು ಊರಿನ ಗೋಡೆಗಳ ಮೇಲೆ ಬಂತು. ಥಿಯೋಡರ್ ಪಾರ್ಕರ್ ಎಂಬ ಪಾದ್ರಿ ಬರೆದದ್ದು. ಕಪ್ಪು ಜನರೇ ಜೋಪಾನ, ಪೊಲೀಸರ ಹತ್ತಿರ ಮಾತಾಡಬೇಡಿ, ಅವರೀಗ ಅಪಹರಣಕಾರರ ಕೆಲಸಕ್ಕಿದ್ದಾರೆ ಎನ್ನುವುದು ಅದರ ಸಾರಾಂಶ. ಸರ್ಕಸ್ ಪೋಸ್ಟರಿನ ಅದೇ ವಿನ್ಯಾಸ: ಒಂದು ಸಾಲು ದಪ್ಪ, ಒಂದು ಸಾಲು ಸಣ್ಣ. ಬಹುಮಾನದ ಮೊತ್ತ ಇರುತ್ತಿದ್ದ ಜಾಗದಲ್ಲಿ 'ಅಪಹರಣಕಾರರು' ಎಂಬ ಶಬ್ದ ಇತ್ತು, ಅಷ್ಟೇ ವ್ಯತ್ಯಾಸ.

ಇನ್ನು ಮೆಂಫಿಸ್. 1968ರ ಫೆಬ್ರವರಿ 1. ಜೋರು ಮಳೆ. ಎಕೊಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ಆಸರೆ ಪಡೆದಿದ್ದರು. ಕಸ ಒತ್ತುವ ಯಂತ್ರ ತನ್ನಷ್ಟಕ್ಕೆ ಚಾಲೂ ಆಗಿ ಇಬ್ಬರನ್ನೂ ಅರೆದು ಕೊಂದಿತು. ಆ ಕಾರ್ಮಿಕರ ಸಂಬಳ ಗಂಟೆಗೆ ಎರಡು ಡಾಲರಿಗೂ ಕಮ್ಮಿ. ಪೂರ್ತಿ ದಿನ ದುಡಿದೂ ಸರ್ಕಾರದ ರೇಷನ್ ನೆರವಿಗೆ ಕೈಯೊಡ್ಡುವ ಸ್ಥಿತಿ ಹಲವರದ್ದು. ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸಕ್ಕೆ ಹೋಗಲಿಲ್ಲ. ಮೇಯರ್ ಹೆನ್ರಿ ಲೋಬ್ ಯೂನಿಯನ್ನನ್ನು ಒಪ್ಪಲಿಕ್ಕೇ ತಯಾರಿರಲಿಲ್ಲ. 23ರಂದು ಮೆರವಣಿಗೆ ಹೊರಟವರ ಮುಖಕ್ಕೆ ಪೊಲೀಸರು ಕಣ್ಣುರಿಯುವ ಮೇಸ್ ಸಿಂಪಡಿಸಿದರು. ಮರುದಿನ ಊರಿನ ಪಾದ್ರಿಗಳು ಸೇರಿ ಒಂದು ಸಮಿತಿ ಮಾಡಿಕೊಂಡರು, ಅದರ ಮುಂದಾಳು ರೆವರೆಂಡ್ ಜೇಮ್ಸ್ ಲಾಸನ್.

ಈ ಲಾಸನ್ ನಮಗೆ ಪೂರ್ತಿ ಪರಕೀಯರಲ್ಲ. 1953ರಿಂದ ಮೂರು ವರ್ಷ ಅವರು ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದರು. ಗಾಂಧಿಯವರ ಸತ್ಯಾಗ್ರಹವನ್ನು ಅದರ ನೆಲದಲ್ಲೇ ಅಭ್ಯಾಸ ಮಾಡಿದರು. ಮಾಂಟ್‌ಗೊಮರಿಯಲ್ಲಿ ಕಪ್ಪು ಜನರು ಬಸ್ ಬಹಿಷ್ಕಾರ ಶುರು ಮಾಡಿದ ಸುದ್ದಿಯನ್ನು ಅವರು ಓದಿದ್ದೂ ನಾಗಪುರದ ಪತ್ರಿಕೆಯಲ್ಲಿ. ಮೆಂಫಿಸ್‌ನಲ್ಲಿ ಅವರು ಹೇಳಿದ್ದು ಇಷ್ಟು: ಮನುಷ್ಯನನ್ನು ಮನುಷ್ಯ ಅಲ್ಲ ಅನ್ನುವುದೇ ಜನಾಂಗದ್ವೇಷದ ತಿರುಳು. ಆ ಮಾತನ್ನು ಯೂನಿಯನ್ನಿನ ವಿಲಿಯಂ ಲೂಸಿ ಮತ್ತು ಕ್ಲೇಬೋರ್ನ್ ಟೆಂಪಲ್ ಚರ್ಚಿನ ಪಾದ್ರಿ ಮಾಲ್ಕಂ ಬ್ಲ್ಯಾಕ್‌ಬರ್ನ್ ಸೇರಿ ನಾಲ್ಕು ಪದಕ್ಕಿಳಿಸಿದರು: 'ಐ ಆಮ್ ಎ ಮ್ಯಾನ್'.

ಈ ಫಲಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂಗ್ಲಿಷಿನಲ್ಲಿ ಒಟ್ಟು ಏಳು ಅಕ್ಷರ. ಬೇರೆ ಬೇರೆ ಅಕ್ಷರ ಎಣಿಸಿದರೆ ನಾಲ್ಕೇ: ಐ, ಎ, ಎಮ್, ಎನ್. ಇಡೀ ಹಾಳೆ ತುಂಬುವ ಕಪ್ಪು ದೊಡ್ಡಕ್ಷರ. ಚಿತ್ರ ಇಲ್ಲ, ಬೇಡಿಕೆಪಟ್ಟಿ ಇಲ್ಲ, ಯೂನಿಯನ್ ಹೆಸರೂ ಇಲ್ಲ. ಒಂದೇ ಒಂದು ಅಲಂಕಾರ, 'ಆಮ್' ಪದದ ಕೆಳಗೆ ಒಂದು ಗೆರೆ. ದಕ್ಷಿಣದ ಬಿಳಿಯರು ಅರುವತ್ತು ವರ್ಷದ ಕಪ್ಪು ಮನುಷ್ಯನನ್ನೂ 'ಬಾಯ್', ಅಂದರೆ ಹುಡುಗ, ಅಂತ ಕರೆಯುತ್ತಿದ್ದರು. ನಮ್ಮಲ್ಲಿ ಮುದುಕನಾದ ಜೀತದಾಳನ್ನು 'ಏನೋ, ಬಾರೋ' ಅಂದ ಹಾಗೆ. ಆ ಗೆರೆ ಅದಕ್ಕೆ ಉತ್ತರ.

ಕನ್ನಡದಲ್ಲಿ 'ಆಮ್'ಗೆ ಸಮನಾದ ಪದವೇ ಬೇಕಿಲ್ಲ. 'ನಾನು ಮನುಷ್ಯ' ಅಂದರೆ ಮುಗಿಯಿತು. ಅಡಿಗೆರೆ ಹಾಕಿದಷ್ಟು ಒತ್ತು ಕೊಡಬೇಕಾದರೆ ನಾವು ಏಕಾರ ಹಚ್ಚುತ್ತೇವೆ: 'ನಾನು ಮನುಷ್ಯನೇ.' ವಿಚಿತ್ರ ನೋಡಿ, ಇದಕ್ಕೇ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಅರ್ಥ ತಲೆಕೆಳಗಾಗುತ್ತದೆ. ಈ ಘೋಷಣೆಯ ಹಿಂದೆ ಅಂಥದ್ದೇ ಒಂದು ಪ್ರಶ್ನೆ ಇತ್ತು. 1787ರಲ್ಲಿ ಇಂಗ್ಲೆಂಡಿನ ಪಿಂಗಾಣಿ ಉದ್ಯಮಿ ಜೊಸಾಯ ವೆಜ್‌ವುಡ್ ಗುಲಾಮಗಿರಿ ವಿರೋಧಿ ಚಳವಳಿಗಾಗಿ ಒಂದು ಪದಕ ಮಾಡಿಸಿದ. ಅದರಲ್ಲಿ ಸರಪಳಿ ತೊಟ್ಟ ಕಪ್ಪು ಮನುಷ್ಯ ಮಂಡಿಯೂರಿ ಕೈ ಮುಗಿದು, ನಾನು ಮನುಷ್ಯನಲ್ಲವೇ, ನಿಮ್ಮ ಸೋದರನಲ್ಲವೇ ಎಂದು ಕೇಳುತ್ತಾನೆ. ಒಳ್ಳೆಯ ಉದ್ದೇಶದ ಪದಕವೇ. ಆದರೂ ಕೇಳುವವನು ಮಂಡಿಯ ಮೇಲಿದ್ದಾನೆ, ಉತ್ತರ ಕೊಡಬೇಕಾದವನು ನಿಂತಿದ್ದಾನೆ. ಮೆಂಫಿಸ್‌ನವರು 181 ವರ್ಷದ ನಂತರ ಪ್ರಶ್ನೆಯ ಚಿಹ್ನೆ ತೆಗೆದು ಹಾಕಿದರು, ಎದ್ದು ನಿಂತು ಹೇಳಿದರು. ಮಕ್ಕಾದ ಸುಡುವ ಮರಳಿನ ಮೇಲೆ ಎದೆಗೆ ಬಂಡೆ ಹೇರಿಸಿಕೊಂಡು 'ಅಹದ್, ಅಹದ್' ಎಂದ ಹಝ್ರತ್ ಬಿಲಾಲ್(ರ) ಅವರ ನೆನಪು ಇಲ್ಲಿ ಬಾರದೆ ಇರುವುದು ಕಷ್ಟ. ಅವರೂ ಯಜಮಾನನನ್ನು ಏನನ್ನೂ ಕೇಳಲಿಲ್ಲ.

ಮಾರ್ಚ್ 28ರಂದು ಕ್ಲೇಬೋರ್ನ್ ಟೆಂಪಲ್ ಮುಂದೆ ಕಾರ್ಮಿಕರು ಸಾಲುಗಟ್ಟಿ ನಿಂತದ್ದನ್ನು ಅರ್ನೆಸ್ಟ್ ವಿದರ್ಸ್ ಎಂಬ ಕಪ್ಪು ಛಾಯಾಗ್ರಾಹಕ ತೆಗೆದ. ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಒಂದೇ ಫಲಕ, ನೂರಾರು ಸಲ. ಮುಖಗಳು ಬೇರೆ ಬೇರೆ, ಅಕ್ಷರ ಒಂದೇ. ದಪ್ಪಕ್ಷರಕ್ಕೆ ಅಚ್ಚಿನ ಯಂತ್ರ ಕೊಟ್ಟ ನಿಜವಾದ ಬಲ ಇದೇ ಅಂತ ನನ್ನ ಎಣಿಕೆ. ಒಬ್ಬೊಬ್ಬರೂ ಕೈಯಲ್ಲಿ ಬರೆದುಕೊಂಡು ಬಂದಿದ್ದರೆ ಅದು ನೂರಾರು ದೂರುಗಳಾಗುತ್ತಿತ್ತು. (ಇದೇ ವಿದರ್ಸ್ ಎಫ್‌ಬಿಐಗೆ ಮಾಹಿತಿ ಕೊಡುತ್ತಿದ್ದ ಎಂಬುದು 2010ರಲ್ಲಿ ಬಯಲಾಯಿತು. ಚರಿತ್ರೆ ನಮಗೆ ಬೇಕಾದ ಹಾಗೆ ಇರುವುದಿಲ್ಲ.) ಆ ದಿನದ ಮೆರವಣಿಗೆ ಗಲಭೆಯಲ್ಲಿ ಮುಗಿಯಿತು. ಫಲಕದ ಕೋಲುಗಳು ಅಂಗಡಿಯ ಗಾಜು ಒಡೆದವು, ಪೊಲೀಸರ ಗುಂಡಿಗೆ ಹದಿನಾರು ವರ್ಷದ ಲ್ಯಾರಿ ಪೇನ್ ಸತ್ತ. ಮರುದಿನದ ಚಿತ್ರಗಳಲ್ಲಿ ಕೋಲು ಇಲ್ಲ. ಫಲಕವನ್ನು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡು ಕಾರ್ಮಿಕರು ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದಾರೆ. ಒಂದು ಬದಿಗೆ ಬಯೊನೆಟ್ ಹಿಡಿದ ಸೈನಿಕರು, ಇನ್ನೊಂದು ಬದಿಗೆ ಕವಚದ ವಾಹನಗಳು.

ಏಪ್ರಿಲ್ 4ರಂದು ಕಿಂಗ್ ಅವರನ್ನು ಲೊರೇನ್ ಮೋಟೆಲ್‌ನಲ್ಲಿ ಕೊಂದರು. ಅವರು ಮೆಂಫಿಸ್‌ಗೆ ಬಂದದ್ದೇ ಈ ಕಾರ್ಮಿಕರಿಗಾಗಿ. 8ರಂದು ಅವರ ಪತ್ನಿ ಕೊರೆಟಾ ಮುಂದೆ ನಡೆದರು, ಹಿಂದೆ ಹತ್ತಾರು ಸಾವಿರ ಜನ, ಘೋಷಣೆ ಇಲ್ಲದ ಮೌನ ಮೆರವಣಿಗೆ. ಮಾತಾಡಿದ್ದು ಫಲಕಗಳು ಮಾತ್ರ. 16ರಂದು ನಗರಸಭೆ ಯೂನಿಯನ್ನನ್ನು ಒಪ್ಪಿಕೊಂಡಿತು, ಸಂಬಳ ಏರಿಸಿತು.

ಈ ಅಕ್ಷರ ಫಾಂಟ್ ಆದದ್ದು ಬಹಳ ತಡವಾಗಿ. ವಾಷಿಂಗ್ಟನ್ ಸಮೀಪದ ಟ್ರೇ ಸೀಲ್ಸ್ ಎಂಬ ಕಪ್ಪು ಯುವ ಡಿಸೈನರ್, ಎಲ್ಲ ವೆಬ್‌ಸೈಟುಗಳೂ ಯಾಕೆ ಒಂದೇ ಥರ ಕಾಣುತ್ತವೆ ಅಂತ ಬೇಸರಪಟ್ಟುಕೊಂಡಿದ್ದ. ಆಗ ಶೆರಿಲ್ ಮಿಲ್ಲರ್ ಅವರ ಬರಹ ಅವನ ಕಣ್ಣಿಗೆ ಬಿತ್ತು. ಅಮೆರಿಕದ ವಿನ್ಯಾಸ ಕ್ಷೇತ್ರದಲ್ಲಿ ಕಪ್ಪು ಜನ ಕಾಣೆಯಾಗಿದ್ದಾರೆ ಎಂದು ಆಕೆ 1987ರಲ್ಲೇ 'ಪ್ರಿಂಟ್' ಪತ್ರಿಕೆಯಲ್ಲಿ ಬರೆದಿದ್ದರು. ಸೀಲ್ಸ್‌ಗೆ ಹೊಳೆದದ್ದು ಸರಳ: ಅಕ್ಷರ ಮಾಡುವವರು ಒಂದೇ ಬಣ್ಣದವರಾದರೆ ಅಕ್ಷರವೂ ಹಾಗೇ ಆಗುತ್ತದೆ. 2016ರಲ್ಲಿ 'ವೋಕಲ್ ಟೈಪ್' ಶುರು ಮಾಡಿದ. ಹಳೆಯ ಹೋರಾಟಗಳ ಚಿತ್ರದಲ್ಲಿರುವ ಫಲಕ, ಬ್ಯಾನರುಗಳಿಂದ ಅಕ್ಷರ ಎತ್ತಿ ಫಾಂಟ್ ಮಾಡುವುದು ಅವನ ಕೆಲಸ. ಮೆಂಫಿಸ್‌ನಿಂದ 'ಮಾರ್ಟಿನ್'. 1963ರ ವಾಷಿಂಗ್ಟನ್ ಮೆರವಣಿಗೆಯ ಫಲಕಗಳಿಂದ ಬಂದದ್ದಕ್ಕೆ ಅದರ ಸಂಘಟಕ ಬೇಯಾರ್ಡ್ ರಸ್ಟಿನ್ ಹೆಸರು. 1900ರ ಪ್ಯಾರಿಸ್ ಪ್ರದರ್ಶನಕ್ಕೆ ಡಬ್ಲ್ಯು. ಇ. ಬಿ. ಡುಬಾಯ್ಸ್ ಕೈಯಿಂದ ಬಿಡಿಸಿ ಕಳಿಸಿದ ಅಂಕಿಅಂಶದ ಪಟಗಳಿಂದ ಇನ್ನೊಂದು. 1946ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಪತ್ರ ಬರೆದದ್ದು ಇದೇ ಡುಬಾಯ್ಸ್‌ಗೆ. ಅವರು ಉತ್ತರವನ್ನೂ ಬರೆದರು.

ಕೆಲಸ ಕೇಳಿದಷ್ಟು ಸುಲಭ ಅಲ್ಲ. ಫಲಕದಲ್ಲಿ ಇರುವುದು ನಾಲ್ಕು ಅಕ್ಷರ, ಫಾಂಟಿಗೆ ಬೇಕಾದದ್ದು ಇಪ್ಪತ್ತಾರು, ಮೇಲೆ ಅಂಕಿ, ಚಿಹ್ನೆ. ಎಮ್ ಕಾಲೂರಿದ ರೀತಿ ನೋಡಿ ಕ್ಯೂ ಹೇಗಿದ್ದೀತು ಅಂತ ಊಹಿಸಬೇಕು. ಇಲ್ಲಿ ನನಗೆ ಒಂದು ತಕರಾರೂ ಇದೆ. ಫಾಂಟ್ ಒಮ್ಮೆ ಮಾರುಕಟ್ಟೆಗೆ ಬಂದ ಮೇಲೆ ಕೊಂಡವರು ಅದರಲ್ಲಿ ಏನು ಬೇಕಾದರೂ ಬರೆಯಬಹುದು, ಶೂ ಜಾಹೀರಾತನ್ನೂ ಬರೆಯಬಹುದು. ಅಕ್ಷರಕ್ಕೆ ನೆನಪಿರುವುದಿಲ್ಲ. ಆದರೆ ಹೆಸರಿಗೆ ಇರುತ್ತದೆ. ಪಟ್ಟಿಯಲ್ಲಿ ಮಾರ್ಟಿನ್, ಬೇಯಾರ್ಡ್ ಎಂದು ಓದಿದ ವಿದ್ಯಾರ್ಥಿ ಯಾರಿವರು ಅಂತ ಒಮ್ಮೆಯಾದರೂ ಹುಡುಕಿಯಾನು. ಹೆಸರಿಲ್ಲದ ಸಾವಿರಾರು 'ವಿಂಟೇಜ್' ಫಾಂಟುಗಳಿಗಿಂತ ಇದು ಎಷ್ಟೋ ವಾಸಿ.

ಮುಂಬೈ ಪುಣೆಯಲ್ಲಿರುವ ನಮಗೆ ಇದು ದೂರದ ಕಥೆಯಾಗಬೇಕಿಲ್ಲ. 1972ರಲ್ಲಿ ಮುಂಬೈಯಲ್ಲಿ ನಾಮದೇವ ಢಸಾಳ್, ರಾಜಾ ಢಾಲೆ, ಜೆ. ವಿ. ಪವಾರ್ ಮೊದಲಾದವರು ಸಂಘ ಕಟ್ಟಿದಾಗ ಅಮೆರಿಕದ ಬ್ಲ್ಯಾಕ್ ಪ್ಯಾಂಥರುಗಳಿಂದ ಹೆಸರು ಪಡೆದು ದಲಿತ ಪ್ಯಾಂಥರ್ ಅಂದುಕೊಂಡರು. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಬಂತು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಈಗಲೂ ಪತ್ರಿಕೆಯ ಒಳಪುಟದಲ್ಲಿ, ಸಣ್ಣಕ್ಷರದಲ್ಲಿ ಬರುತ್ತದೆ.

ಕನ್ನಡದ ದಪ್ಪಕ್ಷರದ ಕಷ್ಟವೇ ಬೇರೆ. 'ನಾನು ಮನುಷ್ಯ' ಎಂಬುದಕ್ಕೂ ನಾಲ್ಕೇ ಬಗೆಯ ಅಕ್ಷರ ಸಾಕು ಎನ್ನುವುದು ಕಾಕತಾಳೀಯ: ನಾ, ನು, ಮ, ಷ್ಯ. ಆದರೆ ಕೊಂಬು, ದೀರ್ಘ, ಒತ್ತಕ್ಷರ ಎಲ್ಲ ಸೇರಿದರೆ ನಮ್ಮ ಮೊಳೆಪೆಟ್ಟಿಗೆಗೆ ನೂರಾರು ಖಾನೆ ಬೇಕು. ಅಕ್ಷರ ದಪ್ಪವಾದಷ್ಟೂ ತಲೆಕಟ್ಟು, ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗುತ್ತದೆ, ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ಬಡಿಯುತ್ತದೆ. ಮುಂಬೈಯ 'ಏಕ್ ಟೈಪ್' ತಂಡ ಮಾಡಿದ 'ಬಾಲೂ ತಮ್ಮ' ಎಂಬ ದಪ್ಪ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಈ ತೊಡಕನ್ನು ಅದು ಹೇಗೆ ಬಿಡಿಸಿಕೊಂಡಿದೆ ಎಂದು ಆಸಕ್ತ ವಿದ್ಯಾರ್ಥಿಗಳು ಹಿಗ್ಗಿಸಿ ನೋಡಬಹುದು. ನಮ್ಮ ಚಳವಳಿಗಳ ಹಳೆಯ ಫಲಕ, ಕರಪತ್ರಗಳಿಂದ ಹುಟ್ಟಿದ ಕನ್ನಡ ಫಾಂಟ್ ಒಂದನ್ನು ನಾನಿನ್ನೂ ಕಂಡಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಅಂಥ ಹಾಳೆಗಳಿದ್ದರೆ ರದ್ದಿಗೆ ಹಾಕುವ ಮುನ್ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೆಂಫಿಸ್‌ನಲ್ಲಿ 2018ರ ಏಪ್ರಿಲ್‌ನಲ್ಲಿ ಕ್ಲೇಬೋರ್ನ್ ಟೆಂಪಲ್ ಪಕ್ಕದಲ್ಲಿ ಒಂದು ಸ್ಮಾರಕ ಚೌಕ ಮಾಡಿದರು. ಅಲ್ಲಿ ಆ ನಾಲ್ಕು ಪದಗಳು ಆಳೆತ್ತರಕ್ಕೂ ಮೀರಿ ನಿಂತಿವೆ, ಮುಷ್ಕರ ಹೂಡಿದವರ ಹೆಸರುಗಳನ್ನು ಗೋಡೆಯಲ್ಲಿ ಕೆತ್ತಿದ್ದಾರೆ. ಅದಕ್ಕೆ ಹಿಂದಿನ ವರ್ಷ ನಗರಸಭೆ, ಬದುಕುಳಿದಿದ್ದ ಹತ್ತಾರು ಮುಷ್ಕರಗಾರರಿಗೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿ, ಆಮೇಲೆ ಅದನ್ನು 70,000ಕ್ಕೆ ಏರಿಸಿತು. ಯಾಕೆಂದರೆ ಅವರಿಗೆ ನಗರಸಭೆಯ ಪಿಂಚಣಿ ಇರಲಿಲ್ಲ. ಎಂಬತ್ತು ದಾಟಿದ ಮೇಲೂ ಕಸದ ಲಾರಿ ಓಡಿಸುತ್ತಿದ್ದವರು ಅವರಲ್ಲಿದ್ದರು. 2025ರ ಏಪ್ರಿಲ್ 28ರಂದು ಬೆಂಕಿ ಬಿದ್ದು ಕ್ಲೇಬೋರ್ನ್ ಟೆಂಪಲ್‌ನ ಒಳಭಾಗ ಸುಟ್ಟುಹೋಯಿತು.